ಹೆದ್ದಾರಿಯ ಗಂಟೆಗಳು ಮತ್ತು ಸಂತ ಜುನಿಪೆರೊ ಸೆರಾ

ಅಮೆರಿಕದ ಕ್ಯಾಲಿಫೋರ್ನಿಯಾದ ಹೆದ್ದಾರಿಯ ಬದಿಯಲ್ಲಿ, ಕುರಿಗಾಹಿಯ ಕೋಲಿನಂತೆ ಬಾಗಿದ ಕಂಬಗಳಿಗೆ ತೂಗುಹಾಕಿದ ಗಂಟೆಗಳಿವೆ. 1906ರಿಂದ ನೆಡಲಾದ ಈ ಗಂಟೆಗಳು, ಫ್ರಾನ್ಸಿಸ್ಕನ್ ಗುರುಗಳು ಕಟ್ಟಿದ 21 ಧರ್ಮಕೇಂದ್ರಗಳನ್ನು ಕೂಡಿಸುತ್ತಿದ್ದ ಹಳೆಯ ಹಾದಿಯ ಸ್ಮಾರಕಗಳು.

ಆ ಕಾರ್ಯಕ್ಕೆ ನಾಂದಿ ಹಾಡಿದವರು ಸಂತ ಜುನಿಪೆರೊ ಸೆರಾ. 1713ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಜನಿಸಿದ ಅವರು, ಪ್ರಾಧ್ಯಾಪಕ ವೃತ್ತಿಯನ್ನು ತೊರೆದು 1749ರಲ್ಲಿ ಮೆಕ್ಸಿಕೊಗೆ ಬಂದರು. ಕಾಲುನೋವು ಕೊನೆಯವರೆಗೂ ಬಾಧಿಸಿದರೂ, 1769ರಲ್ಲಿ ಸ್ಯಾನ್ ಡಿಯಾಗೊದಿಂದ ಆರಂಭಿಸಿ 9 ಕೇಂದ್ರಗಳನ್ನು ಸ್ಥಾಪಿಸಿದರು. ಮೂಲನಿವಾಸಿಗಳ ಮೇಲೆ ಸೈನಿಕರು ನಡೆಸುತ್ತಿದ್ದ ದೌರ್ಜನ್ಯವನ್ನು ತಡೆಯುವಂತೆ 1773ರಲ್ಲಿ ರಾಜಪ್ರತಿನಿಧಿಗೆ ಮನವಿ ಸಲ್ಲಿಸಿದರು. 1784ರ ಆಗಸ್ಟ್ 28ರಂದು ಕಾರ್ಮೆಲ್‌ನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಆದರೆ ಗಂಟೆಗಳು ಸಾರದ ಕಥೆಯೊಂದುಂಟು. ದೀಕ್ಷಾಸ್ನಾನ ಪಡೆದ ಮೂಲನಿವಾಸಿಗಳು ತಮ್ಮಿಚ್ಛೆಯಂತೆ ಕೇಂದ್ರ ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವರಿಗೆ ಚಾಟಿಯೇಟಿನ ಶಿಕ್ಷೆಯಿತ್ತು. ಹೊರಗಿನಿಂದ ಬಂದ ರೋಗಗಳಿಗೆ ಸಾವಿರಾರು ಮಂದಿ ಬಲಿಯಾದರು. ಅವರ ವಂಶಜರಲ್ಲಿ ಹಲವರಿಗೆ ಈ ಗಂಟೆಗಳು ಇಂದಿಗೂ ನೋವಿನ ಗುರುತುಗಳೇ.

2015ರ ಜುಲೈನಲ್ಲಿ ಪೋಪ್ ಫ್ರಾನ್ಸಿಸರು ಬೊಲಿವಿಯಾದಲ್ಲಿ ಮೂಲನಿವಾಸಿಗಳ ಕ್ಷಮೆ ಯಾಚಿಸಿದರು. ಸೆಪ್ಟೆಂಬರ್‌ನಲ್ಲಿ ಸೆರಾರನ್ನು ಸಂತರೆಂದು ಘೋಷಿಸಿದರು. ಸಂತರನ್ನು ಗೌರವಿಸುವುದು, ನೊಂದವರ ಮುಂದೆ ತಲೆಬಾಗುವುದು ಪರಸ್ಪರ ವಿರುದ್ಧವಲ್ಲವೆಂದು ನಾವು ಇದರಿಂದ ಅರಿಯುತ್ತೇವೆ. ನಮ್ಮ ಪ್ರಾರ್ಥನೆಯಲ್ಲಿ ಇಬ್ಬರಿಗೂ ಸ್ಥಳವಿರಲಿ.