ತಮ್ಮೂರ ವಾದಕರ ಕೈಬಿಡದ ರಾನಿ ಸ್ಕಾಟ್

1927ರಲ್ಲಿ ಲಂಡನ್ನಿನಲ್ಲಿ ಜನಿಸಿದ ಸ್ಯಾಕ್ಸೊಫೋನ್ ವಾದಕ ರಾನಿ ಸ್ಕಾಟ್, ಯೌವನದಲ್ಲಿ ನ್ಯೂಯಾರ್ಕಿನ ಜಾಜ್ ಕ್ಲಬ್ಬುಗಳನ್ನು ಕಂಡು ಬೆರಗಾದರು. ತಮ್ಮೂರ ವಾದಕರಿಗೂ ಅಂತಹ ನೆಲೆಯೊಂದು ಬೇಕೆಂದು, 1959ರ ಅಕ್ಟೋಬರ್ 30ರಂದು ಗೆಳೆಯ ಪೀಟ್ ಕಿಂಗ್ ಅವರೊಡಗೂಡಿ ಜೆರಾರ್ಡ್ ಸ್ಟ್ರೀಟಿನ ನೆಲಮಾಳಿಗೆಯಲ್ಲಿ ಕ್ಲಬ್ ತೆರೆದರು. 1961ರಿಂದ ಅಮೆರಿಕದ ದಿಗ್ಗಜರೂ ಬರತೊಡಗಿದರು. 1965ರಲ್ಲಿ ಕ್ಲಬ್ ಫ್ರಿತ್ ಸ್ಟ್ರೀಟಿನ ವಿಶಾಲ ತಾಣಕ್ಕೆ ಸ್ಥಳಾಂತರಗೊಂಡಿತು.

ಖ್ಯಾತನಾಮರ ಭರಾಟೆಯಲ್ಲಿ ಸ್ಥಳೀಯ ಯುವ ವಾದಕರು ಮೂಲೆಗುಂಪಾಗುವ ಅಪಾಯವಿತ್ತು. ಆದರೆ ಸ್ಕಾಟ್ ಹಳೆಯ ನೆಲಮಾಳಿಗೆಯನ್ನು ಮರೆಯಲಿಲ್ಲ. ಬಾಡಿಗೆ ಕರಾರು ಮುಗಿಯುವವರೆಗೂ ಅದನ್ನು ಬ್ರಿಟನ್ನಿನ ಹೊಸ ಪೀಳಿಗೆಗೆ ಬಿಟ್ಟುಕೊಟ್ಟರು. ಮೈಕ್ ವೆಸ್ಟ್‌ಬ್ರೂಕ್, ಜಾನ್ ಸರ್ಮನ್ ಮೊದಲಾದವರು ಅಲ್ಲಿ ನುಡಿಸಿದರು.

1996ರ ಡಿಸೆಂಬರ್ 23ರಂದು ಸ್ಕಾಟ್ ನಿಧನರಾದರು. ಫ್ರಿತ್ ಸ್ಟ್ರೀಟಿನಲ್ಲಿ ಅವರ ಹೆಸರಿನ ಕ್ಲಬ್ ಇಂದಿಗೂ ನಡೆಯುತ್ತಿದೆ. ಅಲ್ಲಿಗೆ ಬರುವವರು ಕೇಳುವುದು ಹೊರನಾಡಿನ ಹೆಸರಾಂತರನ್ನು ಮಾತ್ರವಲ್ಲ, ಆ ಊರಿನ ಕಲಾವಿದರನ್ನೂ ಹೌದು.