ಶಿಕ್ಷಕರ ನಂಬಿಕೆ, ಮಕ್ಕಳ ಮನಸ್ಸು: ರಾಧಾಕೃಷ್ಣನ್ ಅವರ ಬದುಕಿನಿಂದ

ಸರ್ಕಾರಿ ಶಾಲೆಯ ಶಿಕ್ಷಕರು ತಮ್ಮ ಧರ್ಮವನ್ನು ತರಗತಿಯಲ್ಲಿ ಎಷ್ಟರಮಟ್ಟಿಗೆ ವ್ಯಕ್ತಪಡಿಸಬಹುದು? ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಗುಂಪಿನಲ್ಲಿ ಈ ಚರ್ಚೆ ನಡೆಯಿತು. ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನು ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜೀವನವನ್ನು ಓದಿದೆ.

1888ರ ಸೆಪ್ಟೆಂಬರ್ 5ರಂದು ತಿರುತ್ತಣಿಯಲ್ಲಿ ಹುಟ್ಟಿದ ಅವರು ತಿರುಪತಿ, ವೆಲ್ಲೂರು ಮತ್ತು ಮದ್ರಾಸಿನ ಕ್ರೈಸ್ತ ಮಿಷನ್ ಸಂಸ್ಥೆಗಳಲ್ಲಿ ಓದಿದರು. ಹಿಂದೂ ಧರ್ಮವನ್ನು ಕುರಿತ ಮಿಷನರಿಗಳ ಟೀಕೆ ಅವರನ್ನು ನೋಯಿಸಿತು. ಆ ನೋವೇ ವೇದಾಂತದ ನೀತಿಶಾಸ್ತ್ರದ ಮೇಲೆ ಎಂ.ಎ. ಪ್ರಬಂಧ ಬರೆಯಲು ಪ್ರೇರಣೆಯಾಯಿತು. 1908ರಲ್ಲಿ ಅದು ಪ್ರಕಟವಾಯಿತು. ಅದನ್ನು ಮನಸಾರೆ ಮೆಚ್ಚಿದವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕ ಎ. ಜಿ. ಹಾಗ್. ಹಾಗ್ ಸ್ವತಃ ಮಿಷನರಿ. ಆದರೂ ತಮ್ಮ ನಂಬಿಕೆಯನ್ನು ವಿದ್ಯಾರ್ಥಿಯ ಮೌಲ್ಯಮಾಪನಕ್ಕೆ ಅಡ್ಡ ತರಲಿಲ್ಲ.

ಮುಂದೆ ರಾಧಾಕೃಷ್ಣನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಸೈದಾಪೇಟೆಯಲ್ಲಿ ನಮ್ಮಂತೆಯೇ ಶಿಕ್ಷಕ ತರಬೇತಿಯನ್ನೂ ಪಡೆದರು. 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು.

1948ರಲ್ಲಿ ಅವರು ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ದಿನದ ಕೆಲಸ ಕೆಲವು ನಿಮಿಷಗಳ ಮೌನ ಧ್ಯಾನದಿಂದ ಆರಂಭವಾಗಲಿ, ಪದವಿ ವಿದ್ಯಾರ್ಥಿಗಳು ಬುದ್ಧ, ಯೇಸು, ಶಂಕರ, ಮಹಮ್ಮದ್, ಕಬೀರ, ನಾನಕ್ ಮೊದಲಾದವರ ಜೀವನವನ್ನು ಓದಲಿ ಎಂದು ಆಯೋಗ ಶಿಫಾರಸು ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೇ ವಿಧಿ, ಸಂಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿತು. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಹಲವು ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಒಂದು ಧರ್ಮವನ್ನು ಬೋಧಿಸುವುದು ಬೇರೆ ಎಂಬುದು ಇವೆರಡನ್ನೂ ಜೊತೆಗಿಟ್ಟು ಓದಿದಾಗ ನನಗೆ ಸ್ಪಷ್ಟವಾಯಿತು.

1962ರಲ್ಲಿ ಅವರು ರಾಷ್ಟ್ರಪತಿಯಾದರು. ಅವರ ಜನ್ಮದಿನ ಶಿಕ್ಷಕರ ದಿನಾಚರಣೆಯಾದದ್ದೂ ಅದೇ ವರ್ಷ. 1975ರ ಏಪ್ರಿಲ್ 17ರಂದು ನಿಧನರಾದರು.

ಈ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವರ ವಿದ್ಯಾರ್ಥಿ ದೆಸೆಯ ಆ ನೋವು. ಮನಸ್ಸು ನೊಂದ ಎಲ್ಲರೂ ಪ್ರಬಂಧ ಬರೆದು ಉತ್ತರ ಕೊಡಲಾರರು. ಎಂಟನೇ ತರಗತಿಯ ಮಗು ತಲೆ ತಗ್ಗಿಸಿ ಸುಮ್ಮನಾಗುತ್ತದೆ, ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ಹಣೆಯ ಕುಂಕುಮ, ಕೊರಳಿನ ಶಿಲುಬೆ, ತಲೆಯ ಟೋಪಿ ಶಿಕ್ಷಕರ ಸ್ವಂತದ್ದು. ಪಾಠ, ಅಂಕ, ಬೆಳಗಿನ ಪ್ರಾರ್ಥನೆ ಮಕ್ಕಳೆಲ್ಲರಿಗೂ ಸೇರಿದ್ದು. ವಿಜ್ಞಾನ ಬೋಧಿಸುವ ನಮಗೂ ಇದು ಅನ್ವಯಿಸುತ್ತದೆ. ಗ್ರಹಣದ ಪಾಠದಲ್ಲಿ ನೆರಳಿನ ಚಿತ್ರ ಬಿಡಿಸಿ ಕಾರಣವನ್ನು ಪೂರ್ತಿಯಾಗಿ ವಿವರಿಸೋಣ. ಗ್ರಹಣದ ದಿನ ಅಜ್ಜಿ ಊಟ ಮಾಡುವುದಿಲ್ಲ ಎಂದು ಹೇಳಿದ ಮಗುವನ್ನು ನೋಡಿ ತರಗತಿ ನಗದಂತೆ ನೋಡಿಕೊಳ್ಳೋಣ.