ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ಚರಿತ್ರೆ

ಕಷ್ಟಕಾಲದಲ್ಲಿ ಮನುಷ್ಯನಿಗೆ ಅನ್ನವು ಹೇಗೆ ಬೇಕೋ ನಂಬಿಗೆಯೂ ಹಾಗೆಯೇ ಬೇಕು. ಅನ್ನವಿಲ್ಲದಿರಲು ದೇಹವು ಬಾಡುವುದು. ನಂಬಿಗೆಯಿಲ್ಲದಿರಲು ದೇಹವಿದ್ದೂ ಜೀವನವು ಬಾಡುವುದು. ಪುರಾಣಶ್ರವಣ, ಲಿಂಗಪೂಜೆ, ಗಾನ ಈ ಮೂರರಿಂದ ಆ ನಂಬಿಗೆಯನ್ನು ಪಡೆದು, ಪಡೆದುದನ್ನು ದಿಕ್ಕಿಲ್ಲದ ಅಂಧಬಾಲಕರಿಗೆ ಹಂಚಿಕೊಟ್ಟ ಮಹನೀಯರು ಗದುಗಿನ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಬಿಳಗಿಯಿಂದ ಸಿದ್ಧಾಪುರ ಸಿರ್ಸಿಗಳ ಮಾರ್ಗವಾಗಿ ಮೂಡಣ ದಿಕ್ಕಿಗೆ ನಡೆದರೆ ಅಡಕೆಯ ತೋಟಗಳೂ ದಟ್ಟವಾದ ಅಡವಿಯೂ ಹಿಂದುಳಿದು, ಬಯಲು ತೆರೆದು ಹಾನಗಲ್ಲ ಸೀಮೆಯು ಬರುವುದು. ಆ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ದಂಪತಿಗಳ ಉದರದಲ್ಲಿ ಕ್ರಿ. ಶ. ೧೮೯೨ನೆಯ ಫೆಬ್ರುವರಿ ೨ರಂದು ಇವರು ಜನಿಸಿದರು. ಆಗಿನ ಹೆಸರು ಗದಿಗೆಯ್ಯ. ಅಣ್ಣ ಗುರುಬಸವಯ್ಯನಂತೆ ಈ ಶಿಶುವಿಗೂ ಕಣ್ಣಿನ ಬೆಳಕಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳೂ ಅಂಧರಾದರೆ ತಾಯಿತಂದೆಗಳ ಸಂಕಟವು ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ.

ಕಾಲವೂ ಕಠಿಣವಾಗಿದ್ದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗಿನ ಬೇನೆಯು ಎರಡು ವರ್ಷಗಳೊಳಗಾಗಿ ಧಾರವಾಡ ಸೀಮೆಯನ್ನು ಹೊಕ್ಕಿತು. ಅದರ ಬೆನ್ನಿಗೆ ೧೮೯೯-೧೯೦೦ರ ಬರಗಾಲವು ಮುಂಬಯಿ ಇಲಾಖೆಯನ್ನು ಕಾಡಿತು. ಕಣ್ಣುಳ್ಳವರಿಗೇ ಕೂಳು ದುರ್ಲಭವಾಗಿದ್ದ ಆ ದಿನಗಳಲ್ಲಿ ಕಣ್ಣಿಲ್ಲದ ಬಡವರ ಮಕ್ಕಳಿಗೆ ಗುಡಿಯ ಬಾಗಿಲಲ್ಲಿ ಕೈಯೊಡ್ಡುವುದೊಂದೇ ಗತಿಯೆಂದು ಲೋಕವು ತಿಳಿದಿದ್ದಿತು. ಆದರೆ ಈ ಅಣ್ಣತಮ್ಮಂದಿರಿಗೆ ಶಿವನು ಮಧುರವಾದ ಕಂಠವನ್ನು ಕರುಣಿಸಿದ್ದನು.

ಈ ಮಾಣಿಕ್ಯವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು. ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನೂ ನೆಲೆಗೊಳಿಸಿದ ಆ ಪೂಜ್ಯರು ಬಾಲಕರ ಗಾನವನ್ನು ಕೇಳಿ, ಇವರಿಗೆ ಬೇಕಾದುದು ವಿದ್ಯೆಯೆಂದು ಮನಗಂಡು, ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗದಿಗೆಯ್ಯನು ಗುರುಕೃಪೆಯಿಂದ ಪಂಚಾಕ್ಷರಿಯಾದನು. ಮಂತ್ರವೇ ಹೆಸರಾದುದು ಸಾರ್ಥಕವಾಯಿತು. ಕರ್ನಾಟಕ ಪದ್ಧತಿಯನ್ನು ಕಲಿತುದಲ್ಲದೆ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಪದ್ಧತಿಯನ್ನೂ ಅಭ್ಯಾಸಮಾಡಿ, ಗವಾಯಿಗಳು ಉಭಯಗಾನ ವಿಶಾರದರೆಂದು ಪ್ರಖ್ಯಾತರಾದರು. ಹಾಡುಗಾರಿಕೆಯಲ್ಲಿ ನಿಪುಣರಾದಂತೆ ವಾದ್ಯಗಳಲ್ಲಿಯೂ ನಿಪುಣರಾದರು.

ಕೈಲಾಸವನ್ನೆತ್ತಹೋಗಿ ಅದರ ಅಡಿಯಲ್ಲಿ ಸಿಲುಕಿದ ರಾವಣನನ್ನು ಅವನ ಇಪ್ಪತ್ತು ತೋಳುಗಳ ಬಲವು ಕಾಯಲಿಲ್ಲ, ಸಾಮಗಾನವು ಕಾಯಿತು ಎಂದು ಪುರಾಣವು ಸಾರುವುದು. ಬೇಡರ ಕಣ್ಣಪ್ಪನು ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಅರ್ಪಿಸಿ ಮುಕ್ತನಾದನು. ಇವು ಬರಿಯ ಕಥೆಗಳೆಂದು ತಿಳಿಯಲಾಗದು. ದುಃಖದ ಬೆಟ್ಟವು ಮೇಲೆ ಬಿದ್ದಾಗ ಅದರಡಿಯಿಂದಲೇ ಹಾಡಬಹುದು, ಕಣ್ಣಿಲ್ಲದಿರುವುದು ಶಿವನಿಂದ ದೂರವಿರುವುದಲ್ಲ ಎಂಬ ಭರವಸೆಯು ಅವುಗಳಲ್ಲಿರುವುದು. ಗವಾಯಿಗಳವರ ಬಾಳು ಈ ಭರವಸೆಗೆ ಸಾಕ್ಷಿಯಾಯಿತು.

ತಾವು ವಿದ್ವಾಂಸರಾದ ಬಳಿಕ ರಾಜಾಶ್ರಯವನ್ನು ಅರಸಿ ಸುಖವಾಗಿರುವುದು ಅವರಿಗೆ ಅಸಾಧ್ಯವಾಗಿರಲಿಲ್ಲ. ಅವರು ಆ ಹಾದಿಯನ್ನು ಹಿಡಿಯಲಿಲ್ಲ. ಬ್ರಹ್ಮಚರ್ಯದಲ್ಲಿದ್ದು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಾಗುವ ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಅಲ್ಲಿ ಜಾತಿಯ ಭೇದವಿರಲಿಲ್ಲ, ಕಣ್ಣುಳ್ಳವರಿಗೂ ಪ್ರವೇಶವಿದ್ದಿತು. ಕಣ್ಣಿಲ್ಲದವನಿಗೆ ಪುಸ್ತಕದ ಪಾಠವು ಒದಗದು. ತೀನ್‌ತಾಲದ ೧೬ ಮಾತ್ರೆಗಳನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸಬೇಕು. ರಾಗದ ನಡೆಯನ್ನು ಗುರುವಿನ ಕಂಠದಿಂದಲೇ ಗ್ರಹಿಸಬೇಕು. ಒಂದು ಸ್ವರವು ನೆಲೆಗೊಳ್ಳಲು ಸಾವಿರ ಸಲ ಹೇಳಿಕೊಡುವ ತಾಳ್ಮೆಯು ಗುರುವಿನಲ್ಲಿ ಬೇಕು. ಲಿಂಗಪೂಜೆಯಂತೆ ಸ್ವರಸಾಧನೆಯೂ ನಿತ್ಯವ್ರತವಾದುದರಿಂದ, ನಾಳಿನ ಚಿಂತೆಯಲ್ಲಿ ಕುಗ್ಗಬಹುದಾಗಿದ್ದ ಮಕ್ಕಳಿಗೆ ಇಂದು ಮಾಡಬೇಕಾದ ಕೆಲಸವೊಂದು ದೊರೆಯಿತು. ಆಶೆಯು ಬೇರೂರುವುದು ಇಂತಹ ನಿಯಮದಲ್ಲಿಯೇ.

ಆದರೆ ಇಷ್ಟು ಜನರ ಹೊಟ್ಟೆಗೆ ಏನು ಮಾಡಬೇಕು? ಗವಾಯಿಗಳು ಭಕ್ತರ ಮನೆಬಾಗಿಲಿಗೆ ಜೋಳಿಗೆಯನ್ನು ಹಿಡಿದು ಹೋದರು. ಶಿಷ್ಯರು ಮುಂದೆ ಭಿಕ್ಷುಕರಾಗಬಾರದೆಂದು ಗುರುವು ತಾನೇ ಭಿಕ್ಷೆಗೆ ಹೊರಟ ಈ ಸಂಗತಿಯು ದಾಸೋಹದ ಅರ್ಥವನ್ನು ತಿಳಿಸುವುದು. ನಾಟಕದ ಮಂಡಳಿಯನ್ನೂ ಕಟ್ಟಿ, ಅದರ ಉತ್ಪನ್ನವನ್ನು ವಿದ್ಯಾರ್ಥಿಗಳ ಪೋಷಣೆಗೆ ವಿನಿಯೋಗಿಸಿದರು. ನಾಟಕದ ಆದಾಯವಾದರೂ ಮಳೆಬೆಳೆಗಳನ್ನು ನೆಚ್ಚಿದುದು. ಒಕ್ಕಲಿಗನ ಕೈಯಲ್ಲಿ ಕಾಸಿಲ್ಲದ ವರ್ಷ ಆಟದ ಮನೆಯೂ ಬರಿದು. ಅಂತಹ ವರ್ಷಗಳಲ್ಲಿಯೂ ಪಾಠವು ನಿಲ್ಲಲಿಲ್ಲ.

೧೯೩೦ರಲ್ಲಿ ಶ್ರೀ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಆಸರೆಯ ಮರವೇ ಬಿದ್ದಂತಾದರೂ ಗವಾಯಿಗಳು ಗುರುವಿತ್ತ ಕಾರ್ಯವನ್ನು ಬಿಡಲಿಲ್ಲ. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ನಡೆದಾಗ, ಅವರ ಶಿಷ್ಯರಾದ ತರುಣ ಬಸವರಾಜ ರಾಜಗುರುಗಳು ಹಾಡಿದರು. ಗುರುಗಳು ತಾವೇ ತಬಲೆಯನ್ನು ನುಡಿಸಿ ಶಿಷ್ಯನಿಗೆ ಸಾಥಿಯಾದರು. ಶಿಷ್ಯನು ಮುಂದೆ ಕುಳಿತು ಗುರುವು ಪಕ್ಕದಲ್ಲಿ ಕುಳಿತ ಆ ಸಭೆಯು ಗವಾಯಿಗಳವರ ಮನಸ್ಸಿನ ಔನ್ನತ್ಯವನ್ನು ತೋರಿಸುವುದು.

ಅಲೆದಾಡುತ್ತಿದ್ದ ಪಾಠಶಾಲೆಯು ೧೯೪೨ರ ಸುಮಾರಿಗೆ ಗದುಗಿನಲ್ಲಿ ಬಸರೀಗಿಡದ ವೀರಪ್ಪನವರ ನೆರವಿನಿಂದ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಆಗ ಮಹಾಯುದ್ಧದಿಂದ ಧಾನ್ಯದ ಬೆಲೆಯು ಏರಿದ್ದಿತು. ನೆರೆಯ ವಿಜಾಪುರ ಸೀಮೆಯನ್ನು ಕ್ಷಾಮವು ಆವರಿಸಿತು. ಉಳ್ಳವರೇ ಕೈಹಿಡಿದ ಆ ಕಾಲದಲ್ಲಿ ಆಶ್ರಮದ ದೀಪವು ಹೊತ್ತಿಕೊಂಡಿತು. ೧೯೪೪ನೆಯ ಜೂನ್ ೧೧ರಂದು, ತಮ್ಮ ೫೩ನೆಯ ವಯಸ್ಸಿನಲ್ಲಿ, ಗವಾಯಿಗಳವರು ಲಿಂಗೈಕ್ಯರಾದರು.

ದೀಪವು ಆರಲಿಲ್ಲ. ೧೯೧೪ರಲ್ಲಿ ಅದೇ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಕೈಹಿಡಿದು ಗುರುವಿನ ಸನ್ನಿಧಿಗೆ ಬಂದ ಶ್ರೀ ಪುಟ್ಟರಾಜ ಗವಾಯಿಗಳವರು ಆಶ್ರಮದ ಭಾರವನ್ನು ಹೊತ್ತರು. ೨೦೧೦ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ೬೬ ವರ್ಷಗಳ ಕಾಲ ಅದನ್ನು ನಡೆಯಿಸಿ, ಅಸಂಖ್ಯ ಅಂಧರಿಗೆ ಸಂಗೀತವಿದ್ಯೆಯನ್ನಿತ್ತರು. ಇದೇ ಗುರುಕುಲದ ಸಿದ್ಧರಾಮ ಜಂಬಲದಿನ್ನಿಯವರು ಶರಣರ ವಚನಗಳನ್ನು ರಾಗಗಳಲ್ಲಿ ಹಾಡಿ ನಾಡಿನ ಮನೆಮನೆಗೆ ಮುಟ್ಟಿಸಿದರು. ಕಾಡಶೆಟ್ಟಿಹಳ್ಳಿಯ ಬಡವರ ಮನೆಯಲ್ಲಿ ಕತ್ತಲೆಯೆಂದು ಜನರು ಮರುಗಿದ ಶಿಶುವು ಎಷ್ಟೋ ಮನೆಗಳಿಗೆ ಬೆಳಕಾಯಿತು.

ಮಳೆ ತಪ್ಪಿದಾಗ, ಬೇನೆ ಬಂದಾಗ, ಮನೆಯಲ್ಲಿ ಅಂಗಹೀನ ಶಿಶುವು ಹುಟ್ಟಿದಾಗ ಶಿವನು ಮರೆತನೆಂದು ಭಕ್ತರು ಎದೆಗೆಡಬಾರದು. ಪೂಜೆಯನ್ನು ಬಿಡದೆ, ಪುರಾಣವನ್ನು ಕೇಳುತ್ತ, ಆ ಶಿಶುವಿನ ಕೈಗೊಂದು ವಿದ್ಯೆಯನ್ನು ಕೊಡಬೇಕು. ಇದೇ ಗಾನಯೋಗಿಗಳವರ ಚರಿತ್ರೆಯ ಸಾರವು. ಅವರ ಕೃಪೆಯು ಸಕಲ ಸದ್ಭಕ್ತರ ಮೇಲಿರಲಿ. ಮಂಗಳಮಸ್ತು.